ಮೊಣಕಾಲ ಚಿಪ್ಪಿಗೆ ಹೊಸ ಕಟ್ಟು

ಬಾಗಲಕೋಟೆಯ ನವನಗರದ ಆಸ್ಪತ್ರೆ. ಆವತ್ತಿನ ಮೊದಲ ಕೇಸು ಬೀಳಗಿ ಕಡೆಯ ಹತ್ತೊಂಬತ್ತರ ಹುಡುಗಿ, ಖೋಖೋ ಆಟಗಾರ್ತಿ. "ಕಂಬ ಹಿಡದು ತಿರಗೂ ಮುಂದ ಚಿಪ್ಪ ಹೊರಗ ಸರಿತೈತ್ರಿ. ಇದು ನಾಕನೇ ಸಲ." ಪಾದ ನೆಲಕ್ಕೆ ಊರಿಕೊಂಡೇ ಮೈ ತಿರುಗಿದಾಗ ಚಿಪ್ಪು ಜಾರುವುದು ಹೀಗೇ. ಮೊದಲ ಸಲವೇ ಒಳಬದಿಯ ಕಟ್ಟು ಹರಿದಿರುತ್ತದೆ. ಅದು ಸಡಿಲಾಗಿ ಕೂಡಿಕೊಂಡರೆ ಮುಂದಿನ ಸಲಕ್ಕೆ ದೊಡ್ಡ ಪೆಟ್ಟೇನೂ ಬೇಕಿಲ್ಲ.

ಎಂಪಿಎಫ್‌ಎಲ್ ಎನ್ನುವ ಈ ಕಟ್ಟು ಸುಮಾರು ಐದೂವರೆ ಸೆಂ.ಮೀ. ಉದ್ದದ ತೆಳುಪಟ್ಟಿ. ಚಿಪ್ಪಿನ ಒಳಅಂಚಿನ ಮೇಲರ್ಧದಿಂದ ಹೊರಟು ತೊಡೆಮೂಳೆಗೆ ಅಂಟಿರುತ್ತದೆ. ಕಾಲು ನೆಟ್ಟಗಿದ್ದಾಗಿನಿಂದ 30 ಡಿಗ್ರಿ ಮಡಚುವತನಕ ಚಿಪ್ಪನ್ನು ಹಿಡಿಯುವುದು ಮುಖ್ಯವಾಗಿ ಇದೇ. ಆಮೇಲೆ ತೊಡೆಮೂಳೆಯ ತೋಡು ಕಾಯುತ್ತದೆ. ತೋಡೇ ಚಪ್ಪಟೆಯಿದ್ದರೆ, ಚಿಪ್ಪು ಇರಬೇಕಾದ್ದಕ್ಕಿಂತ ಮೇಲೆ ಕೂತಿದ್ದರೆ, ಅಥವಾ ಚಿಪ್ಪಿನ ಕೆಳಗಿನ ಹುರಿ ಅಂಟುವ ಮೂಳೆಗುಬ್ಬಿ ತೋಡಿನ ನಡುವಿನಿಂದ 20 ಮಿ.ಮೀ.ಗಿಂತ ಹೊರಗಿದ್ದರೆ ಬರೀ ಕಟ್ಟು ಹಾಕಿ ಸಾಲದು, ಮೂಳೆ ಸರಿಸುವ ವಿಚಾರವೂ ಬರುತ್ತದೆ. ಈಕೆಗೆ ಆ ಅಳತೆ 14. ಕಟ್ಟೊಂದೇ ಸಾಕಿತ್ತು.

ಮೊಣಕಾಲೊಳಗೆ ದುರ್ಬೀನು ತೂರಿಸಿ ಮೃದುಮೂಳೆ ನೋಡಿದ್ದಾಯಿತು, ಒಡೆದ ಚೂರು ಇರಲಿಲ್ಲ. ಮೊಣಕಾಲ ಕೆಳಗೆ ಒಳಬದಿಯಲ್ಲಿ 3 ಸೆಂ.ಮೀ. ಕೊಯ್ದು, ಹೊಸ ಕಟ್ಟಿಗಾಗಿ ತೊಡೆಯ ಒಳಬದಿಯ ಗ್ರಾಸಿಲಿಸ್ ಸ್ನಾಯುವಿನ ಹುರಿ ತೆಗೆದರು. ಅಂಟಿದ ಮಾಂಸ ಕೆರೆದು ತೆಗೆದ ಮೇಲೆ ಅದು ಬೆಳ್ಳಗೆ, ಹೊಳೆಯುವ ಪಟ್ಟಿ. ಒಣಗಬಾರದು, ಹಸಿ ಗಾಜ್ ಬಟ್ಟೆಯಲ್ಲಿ ಸುತ್ತಿಡಬೇಕು. ಚಿಪ್ಪಿನಲ್ಲಿ ಆರುಪಾರು ತೂತು ಕೊರೆಯದೆ ಎರಡು ಸಣ್ಣ ಆಂಕರ್, ಅಂದರೆ ದಾರವಿರುವ ಮೊಳೆ, ಕೂರಿಸಿ ಹುರಿಯನ್ನು ಕಟ್ಟಿದರು. ದೊಡ್ಡ ತೂತಿನಿಂದ ಚಿಪ್ಪೇ ಸೀಳಿದ ಉದಾಹರಣೆಗಳಿವೆ.

ನಿಜವಾದ ಕೆಲಸ ತೊಡೆಮೂಳೆಯಲ್ಲಿ ಹುರಿಯ ಇನ್ನೊಂದು ತುದಿ ಕೂರಬೇಕಾದ ಬಿಂದು ಹುಡುಕುವುದು. ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಅಡ್ಡಚಿತ್ರದಲ್ಲಿ ಮೂಳೆತುದಿಯ ಎರಡು ಗುಂಡುಗಳು ಒಂದರ ಮೇಲೊಂದು ಕೂತು ಒಂದೇ ಆಗಿ ಕಾಣಬೇಕು. ಚೂರು ಓರೆಯಾದರೂ ಬಿಂದು ಸುಳ್ಳು ಹೇಳುತ್ತದೆ. ತಂತಿ ಹೊಡೆದು, ಹುರಿಯನ್ನು ಅದಕ್ಕೆ ಸುತ್ತಿ, ಕಾಲು ಮಡಚಿ ನೋಡಿದರು. 60 ಡಿಗ್ರಿ ದಾಟುತ್ತಿದ್ದಂತೆ ಹುರಿ ತಂಬೂರಿ ತಂತಿಯ ಹಾಗೆ ಸೆಟೆದು ನಿಂತಿತು. ಬಿಂದು ಮೇಲಾಗಿತ್ತು. ಹಾಗೇ ಬಿಟ್ಟಿದ್ದರೆ ಚಿಪ್ಪು ಜಾರುತ್ತಿರಲಿಲ್ಲ, ಖರೆ. ಆದರೆ ಕಾಲು ಪೂರ್ತಿ ಮಡಚುತ್ತಲೂ ಇರಲಿಲ್ಲ, ಒಳಗಿನ ಮೃದುಮೂಳೆ ಒತ್ತಡಕ್ಕೆ ಸವೆಯುತ್ತಿತ್ತು. ತಂತಿ ಕಿತ್ತು 4 ಮಿ.ಮೀ. ಕೆಳಗೆ ಹೊಡೆದ ಮೇಲೆ ಮಡಚಿದಾಗ ಹುರಿ ತುಸು ಸಡಿಲಾಯಿತು. ಹಾಗೇ ಆಗಬೇಕು.

ಕಾಲು 30 ಡಿಗ್ರಿಯಲ್ಲಿಟ್ಟು, ಹುರಿ ಎಳೆಯದೆ, ಸ್ಕ್ರೂ ಹಾಕಿದರು. ಈ ಕಟ್ಟು ಲಗಾಮಿದ್ದ ಹಾಗೆ. ಎಳೆದಿಡುವುದಲ್ಲ, ದಾರಿ ತಪ್ಪಿದಾಗಷ್ಟೇ ಹಿಡಿಯಬೇಕು. ಕಟ್ಟಿದ ಮೇಲೂ ಚಿಪ್ಪು ಬೆರಳೊತ್ತಿಗೆ ಸುಮಾರು ಒಂದು ಸೆಂ.ಮೀ. ಹೊರಗೆ ಸರಿದು ಗಟ್ಟಿಯಾಗಿ ನಿಂತಿತು.

ಮರುದಿನ ಬೆಳಿಗ್ಗೆ ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮೊಣಕಾಲು ಹಾಸಿಗೆಗೆ ಒತ್ತಿಸಿದರು. ತೊಡೆ ನಡುಗಿತು, ಬಿಗಿ ಹಿಡಿಯಲಿಲ್ಲ. ಕೈಯಿಂದ ತೊಡೆ ತಟ್ಟಿ ತಟ್ಟಿ ಎಂಟನೇ ಸಲಕ್ಕೆ ಚಿಪ್ಪು ಒಂದಿಷ್ಟು ಮೇಲಕ್ಕೆ ಸರಿಯಿತು.

"ಸಾಹೇಬ್ರ, ಕುಕ್ಕರಗಾಲಿಲೆ ಕುಂದರಾಕ ಬರತೈತೇನ್ರಿ?" ಅವ್ವನ ಪ್ರಶ್ನೆ.

"ಬರತೈತ್ರೀ ಅಮ್ಮಾರ. ಆರ್ ವಾರದಾಗ 90 ಡಿಗ್ರಿ ದಾಟಬೇಕು, ಕುಕ್ಕರಗಾಲ ಮೂರ್ ತಿಂಗಳ ಮ್ಯಾಲ. ಖೋಖೋ ಮಾತ್ರ ಆರ್ ತಿಂಗಳ ತನಕ ಬ್ಯಾಡ. ಆಮ್ಯಾಲೂ ಒಂಟಿಗಾಲಿಲೆ ಕುಂತ ಏಳೂ ಮುಂದ ಮೊಳಕಾಲ ಒಳಗ ವಾಲಬಾರದು. ಅದನ್ನ ನೋಡೇ ಕಳಸ್ತೀವಿ."