ಅಪ್ಪನನ್ನು ಕರೆತಂದವರು ಯಾರು?

ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿದ್ದಾಗ ನನ್ನ ಜೊತೆ ಕೆಲಸ ಮಾಡುತ್ತಿದ್ದ ಜುಲು ಗೆಳತಿಯ ತಮ್ಮನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ತೀರಿಹೋದ ಅಪ್ಪ ಕನಸಿಗೆ ಬರುತ್ತಾರೆ, ಆದರೆ ಮಾತಾಡುವುದಿಲ್ಲ. ಮಾತ್ರೆ ಆಯ್ತು, ಚರ್ಚಿನ ಪ್ರಾರ್ಥನೆಯೂ ಆಯ್ತು. ಕೊನೆಗೆ ಮನೆಯ ಹಿರಿಯರು ಇಸಾಂಗೋಮ, ಅಂದರೆ ತೀರಿಹೋದ ಹಿರೀಕರ ಮಾತು ತಿಳಿದು ಕಣಿ ಹೇಳಿ ಔಷಧ ಕೊಡುವವರ ಹತ್ತಿರ ಹೋಗೋಣ ಅಂದರು. "ನೀನೂ ಬಾ, ಸುಮ್ನೆ ಕೂತ್ಕೋ" ಅಂತ ಅವಳು ನನ್ನನ್ನೂ ಕರೆದಳು.

ಉಮ್ಗೇನಿ ನದಿಯ ಎರಡೂ ಕಡೆ ಹರಡಿರುವ ಸಾವಿರ ಬೆಟ್ಟಗಳ ಕಣಿವೆ ಡರ್ಬನ್‌ನಿಂದ ದೂರವೇನಲ್ಲ. ಅಲ್ಲಿ ಹುಲ್ಲು ಹೊದಿಸಿದ ದುಂಡನೆ ಗುಡಿಸಲು. ಬಾಗಿಲಲ್ಲೇ ಚಪ್ಪಲಿ ಬಿಟ್ಟೆವು. ಬಾಗಿಲಿಗೆ ಎದುರಾಗಿ ಹಿಂಬದಿಯಲ್ಲಿರುವ ಜಾಗ ಉಮ್ಸಾಮೊ, ಅದು ಹಿರೀಕರದ್ದು. ಅಲ್ಲಿ ಇಂಫೆಫೊ ಅನ್ನೋ ಒಣ ಗಿಡ ಹೊಗೆಯಾಡುತ್ತಿತ್ತು. ಅದರ ಪಕ್ಕದಲ್ಲಿ ಬಿಳಿ ಮಣಿ ಪೋಣಿಸಿದ ಕೂದಲಿನ ಹೆಂಗಸು ಕೂತಿದ್ದರು. ಎಲ್ಲರೂ ತಲೆ ತಗ್ಗಿಸಿ "ಮಖೋಸಿ" ಅಂದೆವು, ಇಸಾಂಗೋಮರನ್ನು ಗೌರವದಿಂದ ಕರೆಯುವುದು ಹಾಗೆ. ಕಾಣಿಕೆ ದುಡ್ಡನ್ನು ಚಾಪೆಯ ಮೇಲಿಟ್ಟೆವು.

ಮೂಳೆ, ಕವಡೆ, ನಾಣ್ಯ ಚೆಲ್ಲಿ ನೋಡುವವರೂ ಇದ್ದಾರೆ. ಈ ಅಮ್ಮನ ಪದ್ಧತಿ ಬೇರೆ. ಬಂದವರು ಕಷ್ಟ ಏನು ಅಂತ ಬಾಯಿಬಿಡುವ ಹಾಗಿಲ್ಲ. ಅವರೇ ಹೇಳುತ್ತಾ ಹೋಗುತ್ತಾರೆ, ನಾವು ಚಪ್ಪಾಳೆ ತಟ್ಟಿ "ಸಿಯಾವುಮಾ", ಅಂದರೆ ಹೌದು ಒಪ್ಪಿದೆವು, ಅನ್ನಬೇಕು. "ದನದ ವಿಷಯಕ್ಕೆ ಬಂದಿದ್ದೀರಿ." ಸಿಯಾವುಮಾ, ಸಪ್ಪೆ ದನಿ. "ಇಲ್ಲ, ಮನುಷ್ಯರ ವಿಷಯ." ದನಿ ಸ್ವಲ್ಪ ಏರಿತು. "ಗಂಡು ಹುಡುಗ." ಇನ್ನೂ ಏರಿತು. "ರಾತ್ರಿಯ ತೊಂದರೆ." ಚಪ್ಪಾಳೆ ಜೋರಾಯಿತು.

ಇದರಲ್ಲಿ ನನಗೆ ಪವಾಡ ಏನೂ ಕಾಣಲಿಲ್ಲ. ದನಿ ಏರುವುದನ್ನು, ಇಳಿಯುವುದನ್ನು ಹಿಡಿದುಕೊಂಡೇ ಅವರು ಮುಂದೆ ಸಾಗುತ್ತಿದ್ದರು, ಅದೂ ಎಲ್ಲರ ಎದುರಿಗೇ. ಆದರೆ ಅವರು "ನಿಮ್ಮ ಅಪ್ಪನನ್ನು ಮನೆಗೆ ಕರೆತಂದವರು ಯಾರು?" ಅಂತ ಕೇಳಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಜುಲು ಜನರಲ್ಲಿ ಮನೆಯಿಂದ ದೂರ ಸತ್ತವರನ್ನು ಹಾಗೇ ಬಿಡುವಂತಿಲ್ಲ. ದೇಹ ಊರಿಗೆ ಬಂದರೆ ಸಾಲದು, ಜೀವವೂ ಬರಬೇಕು. ಅದಕ್ಕೆ ಉಮ್ಲಹ್ಲಂಕೋಸಿ ಮರದ ಕೊಂಬೆ ಬೇಕು. ನಮ್ಮ ಎಲಚಿಯ ಜಾತಿಯದೇ ಮುಳ್ಳಿನ ಮರ ಅದು. ಉಸಿರು ಹೋದ ಜಾಗಕ್ಕೇ ಕೊಂಬೆ ಹಿಡಿದು ಹೋಗಿ, ಹೆಸರು ಹೇಳಿ ಕರೆದು, "ಬಾ, ಮನೆಗೆ ಹೋಗೋಣ" ಅನ್ನಬೇಕು. ವ್ಯಾನಿನಲ್ಲಿ ಬಂದರೆ ಅವರ ಸೀಟಿಗೂ ದುಡ್ಡು ಕೊಡಬೇಕು. ಹೊಳೆ ದಾಟುವಾಗ "ಈಗ ಹೊಳೆ ದಾಟ್ತಿದ್ದೀವಿ" ಅಂತ ತಿಳಿಸಬೇಕು. ಕೊಂಬೆ ಹಿಡಿದವರು ದಾರಿಯುದ್ದಕ್ಕೂ ಬೇರೆ ಯಾರ ಜೊತೆಗೂ ಮಾತಾಡುವ ಹಾಗಿಲ್ಲ.

ಇವರ ಅಪ್ಪ ಹೋಗಿದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ, ಜೋಹಾನ್ಸ್‌ಬರ್ಗ್‌ನ ಒಂದು ಆಸ್ಪತ್ರೆಯಲ್ಲಿ. ಆಗ ವಾರ್ಡಿನೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ದೇಹ ಬಂತು, ಹೂಳಿದರು, ಅಷ್ಟೇ. ಆಮೇಲೂ ಯಾರೂ ಹೋಗಲಿಲ್ಲ. ಇದು ಮನೆಯವರೆಲ್ಲರಿಗೂ ಗೊತ್ತಿತ್ತು. ಒಬ್ಬರೂ ಬಾಯಿಬಿಟ್ಟಿರಲಿಲ್ಲ. ದೊಡ್ಡಣ್ಣ ತಲೆ ಎತ್ತಲಿಲ್ಲ, ಗೆಳತಿಯ ಅಮ್ಮ ಅತ್ತರು, ನಿದ್ದೆ ಬಾರದ ಹುಡುಗ ಎಲ್ಲರನ್ನೂ ನೋಡುತ್ತಾ ಕೂತ. ಇಸಾಂಗೋಮ ಔಷಧ ಕೊಡುವ ಮೊದಲೇ ಒಂದು ಕೆಲಸ ಆಗಿಹೋಗಿತ್ತು ಅಂತ ನನಗನ್ನಿಸಿತು.

ಆಮೇಲೆ ಚಹಾ ಬಂತು. ಆಗ ಅವರು ಬೇರೆಯೇ ಹೆಂಗಸು, ನಗುನಗುತ್ತಾ ಮಾತಿಗೆ ಕೂತರು. ಮೊದಲು ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಿದ್ದರಂತೆ. ಊಟ ಸೇರದೆ, ಮೈ ಇಳಿದು, ಕನಸಲ್ಲಿ ಅಜ್ಜಿ ಬಂದು ಕಾಡತೊಡಗಿದಾಗ ಆ ಕೆಲಸ ಹೋಯಿತು. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಇದು ಹಿರೀಕರ ಕರೆ, ಕಲಿಯದೆ ಬಿಡುಗಡೆ ಇಲ್ಲ ಅಂದರಂತೆ ತಿಳಿದವರು. ಗುರುವಿನ ಮನೆ ಸೇರಿದರು. ನಸುಕಿನಲ್ಲಿ ಏಳುವುದು, ನೊರೆ ಬರುವಂತೆ ಕಡೆದ ಔಷಧ ಕುಡಿಯುವುದು, ಹಿರಿಯರ ಎದುರು ಮಂಡಿಯೂರಿಯೇ ಮಾತಾಡುವುದು, ಬಚ್ಚಿಟ್ಟ ವಸ್ತು ಹುಡುಕುವುದು. ಕಲಿಕೆ ಮುಗಿದಾಗ ಆಡು ಕಡಿದು ಅದರ ಪಿತ್ತಕೋಶವನ್ನು ಊದಿ ಕೂದಲಿಗೆ ಕಟ್ಟಿದರು. "ಇದು ನನಗೆ ಬೇಕಿರಲಿಲ್ಲ" ಅಂದರು, ಬೇಜಾರೇನೂ ಇಲ್ಲದೆ.

ಅಲ್ಲಿನ 1957ರ ಕಾನೂನಿನ ಪ್ರಕಾರ ಹೀಗೆ ದುಡ್ಡು ಪಡೆದು ಕಣಿ ಹೇಳುವುದು ಅಪರಾಧ. 2007ರ ಕಾಯ್ದೆ ಇಂಥವರನ್ನು ಸಾಂಪ್ರದಾಯಿಕ ವೈದ್ಯರ ಸಾಲಿಗೆ ಸೇರಿಸಿತು. ಅದರ ಮಾತೆತ್ತಿದ್ದಕ್ಕೆ, ಎರಡೂ ಕಾಲದಲ್ಲಿ ಜನ ಬರ್ತಾನೇ ಇದ್ರು ಅಂದರು. ಕೆಮ್ಮು ಜಾಸ್ತಿಯಾಗಿದ್ದ ಗೆಳತಿಯ ಚಿಕ್ಕಪ್ಪನಿಗೆ ಮಾತ್ರ ಬೇರು ಕೊಡಲಿಲ್ಲ, ಮೊದಲು ಕ್ಲಿನಿಕ್‌ಗೆ ಹೋಗಿ ಕಫ ಪರೀಕ್ಷೆ ಮಾಡಿಸು ಅಂತ ಗದರಿದರು.

ವಾಪಸ್ ಬರುವಾಗ ಕಾರಿನಲ್ಲಿ ಒಂದೇ ಚರ್ಚೆ. ಜೋಹಾನ್ಸ್‌ಬರ್ಗ್ ಐನೂರು ಕಿಲೋಮೀಟರಿಗೂ ಜಾಸ್ತಿ. ಆ ವಾರ್ಡಿಗೆ ಈಗ ಬಿಡುತ್ತಾರಾ? ಕೊಂಬೆ ಹಿಡಿಯುವವರು ಯಾರು? ದೊಡ್ಡ ಮಗನೇ ಹಿಡಿಯಬೇಕು ಅಂದರು ಅಮ್ಮ. "ಅವನಾ? ಅಷ್ಟು ಹೊತ್ತು ಬಾಯಿ ಮುಚ್ಕೊಂಡು ಕೂರ್ತಾನಾ?" ಅಂದಳು ನನ್ನ ಗೆಳತಿ. ದೊಡ್ಡಣ್ಣನೂ ನಕ್ಕುಬಿಟ್ಟ.