ವಯಸ್ಸಾದವರ ಸುಲಿದ ಚರ್ಮ: ಡ್ರೆಸ್ಸಿಂಗ್ ರೂಮಿನ ಪಾಠ

ಎಂಬತ್ತು ದಾಟಿದವರ ಮುಂಗೈ ಮಂಚದ ಅಂಚಿಗೆ ತಾಗಿ ಚರ್ಮ ಸುಲಿದು ಬರುತ್ತದೆ. ಹೊಸದಾಗಿ ಗಾಯ ಕಟ್ಟುವ ಕೆಲಸಕ್ಕೆ ಸೇರಿದವರು ಬೆಟಾಡಿನ್ ಸುರಿದು, ಒಣ ಗಾಜ್ ಇಟ್ಟು, ಅಗಲದ ಪ್ಲಾಸ್ಟರ್ ಒತ್ತಿ ಕಳಿಸಿಬಿಡುತ್ತಾರೆ. ಎರಡು ದಿನ ಬಿಟ್ಟು ಬಿಚ್ಚಿದರೆ ಪ್ಲಾಸ್ಟರ್ ಜೊತೆ ಸುತ್ತಲಿನ ಒಳ್ಳೆಯ ಚರ್ಮವೂ ಎದ್ದು ಬರುತ್ತದೆ. ಮಂಚ ಮಾಡಿದ್ದಕ್ಕಿಂತ ದೊಡ್ಡ ಗಾಯವನ್ನು ನಾವೇ ಮಾಡಿರುತ್ತೇವೆ.

ಚರ್ಮದ ಮೇಲ್ಪದರ ಮತ್ತು ಒಳಪದರ ಎಳೆ ವಯಸ್ಸಿನಲ್ಲಿ ಏರುತಗ್ಗುಗಳಿಂದ ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ವಯಸ್ಸಾದಂತೆ ಆ ಏರುತಗ್ಗು ಸಪಾಟಾಗಿ, ಸ್ವಲ್ಪ ಎಳೆದರೂ ಮೇಲ್ಪದರ ಜಾರುತ್ತದೆ. ಚರ್ಮಕ್ಕೆ ಬಲ ಕೊಡುವ ಕೊಲಾಜನ್ ತೆಳುವಾಗಿರುತ್ತದೆ, ಸಣ್ಣ ರಕ್ತನಾಳಗಳು ಕಡಿಮೆ, ಅಂಚಿನಿಂದ ಹೊಸ ಕೋಶಗಳು ಸರಿದು ಬರುವುದೂ ನಿಧಾನ. ಹಾಗೆಂದು "ವಯಸ್ಸಾಯ್ತು, ಇನ್ನು ಮಾಯಲ್ಲ" ಅನ್ನುವುದು ತಪ್ಪು. ಬೇರೆ ಕಾಯಿಲೆ ಇಲ್ಲದ ವೃದ್ಧರಲ್ಲಿ ಗಾಯ ತಡವಾಗಿಯಾದರೂ ಮಾಯುತ್ತದೆ, ಕಲೆಯೂ ಎಷ್ಟೋ ಸಲ ಚಿಕ್ಕವರಿಗಿಂತ ನಯವಾಗಿರುತ್ತದೆ.

ಮೊದಲು ಕೈ ಎತ್ತಿ ಹಿಡಿದು, ಒತ್ತಿ ರಕ್ತ ನಿಲ್ಲಿಸಿ. ಮನೆಯವರು ಕಾಫಿಪುಡಿಯನ್ನೋ ಅರಿಶಿನವನ್ನೋ ಒತ್ತಿರುವುದುಂಟು; ಉಜ್ಜಬೇಡಿ, ನಾರ್ಮಲ್ ಸಲೈನ್ (ಆಸ್ಪತ್ರೆಯ ಶುದ್ಧ ಉಪ್ಪುನೀರು) ಅನ್ನು ಸಿರಿಂಜಿನಿಂದ ಮೆಲ್ಲಗೆ ಹಾಯಿಸಿ ತೊಳೆಯಿರಿ. ಸುರುಳಿಯಾದ ಚರ್ಮವನ್ನು ಕತ್ತರಿಸಬೇಡಿ. ಸಲೈನಿನಲ್ಲಿ ನೆನೆದ ಗಾಜ್ ಅನ್ನು 5ರಿಂದ 10 ನಿಮಿಷ ಅದರ ಮೇಲಿಟ್ಟರೆ ಮೆತ್ತಗಾಗುತ್ತದೆ. ಆಮೇಲೆ ಒದ್ದೆ ಹತ್ತಿಕಡ್ಡಿಯಿಂದ ಉರುಳಿಸುತ್ತಾ ಮೂಲ ಜಾಗಕ್ಕೆ ತನ್ನಿ. ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಸಾಕು, ಜಗ್ಗಿ ಪೂರ್ತಿ ಮುಚ್ಚಲು ಹೋದರೆ ಅದು ಕಪ್ಪಾಗಿ ಸಾಯುತ್ತದೆ. ಇಂಥ ತೆಳು ಚರ್ಮ ಹೊಲಿಗೆಯನ್ನು ತಡೆಯುವುದಿಲ್ಲ, ಹರಿಯುತ್ತದೆ.

ಮೇಲೆ ಗಾಯಕ್ಕೆ ಅಂಟದ ಜಾಲರಿಯಾದ ಸಿಲಿಕೋನ್ ಮೆಶ್, ಅದರ ಮೇಲೆ ಪ್ಯಾಡ್, ಆಮೇಲೆ ಸಡಿಲವಾಗಿ ರೋಲರ್ ಬ್ಯಾಂಡೇಜ್. ಟೇಪ್ ಬ್ಯಾಂಡೇಜಿಗೆ ಅಂಟಬೇಕು, ಚರ್ಮಕ್ಕಲ್ಲ. ಚರ್ಮ ಯಾವ ಕಡೆಗೆ ಹಾಸಿದೆಯೋ ಆ ಕಡೆಗೆ, ಅಂದರೆ ಅಂಟಿಕೊಂಡಿರುವ ಬುಡದಿಂದ ತುದಿಯ ಕಡೆಗೆ, ಹೊರಗಡೆ ಪೆನ್ನಿನಿಂದ ಬಾಣ ಬರೆದು ತಾರೀಖು ಹಾಕಿ. ಬಿಚ್ಚುವವರು ಅದೇ ದಿಕ್ಕಿನಲ್ಲಿ ಬಿಚ್ಚಬೇಕು. ಮುಂದಿನ ಪಾಳಿಯವರಿಗೆ ಈ ಬಾಣಕ್ಕಿಂತ ಉಪಯೋಗದ ನೋಟ್ ಇನ್ನೊಂದಿಲ್ಲ. ಮೆಶ್ ಸಿಗದಿದ್ದರೆ ಎರಡು ಪದರ ಪ್ಯಾರಫಿನ್ ಗಾಜ್ (ಜಿಡ್ಡು ಸವರಿದ ಗಾಜ್) ನಡೆಯುತ್ತದೆ, ಆದರೆ ಬೇಗ ಒಣಗಿ ಅಂಟುತ್ತದೆ. ಅಂಟಿದರೆ ಸಲೈನ್ ಹಾಕಿ ನೆನೆಯಲು ಬಿಡಿ. ಧನುರ್ವಾಯು ತಡೆಯುವ ಚುಚ್ಚುಮದ್ದಿನ ವಿಷಯವನ್ನೂ ವಿಚಾರಿಸಿ.

ಮೆಶ್ ಹಾಕಿದ್ದರೆ 5ರಿಂದ 7 ದಿನ ಮುಟ್ಟಬೇಡಿ. ನೆನೆದ ಪ್ಯಾಡ್ ಮಾತ್ರ ಬದಲಿಸಿ. ದಿನಾ ಬಿಚ್ಚಿ ನೋಡುವ ಚಟ ಹೊಸ ಕೋಶಗಳನ್ನು ಕಿತ್ತು ಹಾಕುತ್ತದೆ. ವಾಸನೆ, ಹರಡುವ ಕೆಂಪು, ಹೆಚ್ಚುವ ನೋವು ಇದ್ದರೆ ಮಾತ್ರ ಮೊದಲೇ ಬಿಚ್ಚಿ. ವಯಸ್ಸಾದವರಿಗೆ ಸೋಂಕಾದರೂ ಜ್ವರ ಬರದೇ ಇರಬಹುದು. ಅಜ್ಜಿ ಇದ್ದಕ್ಕಿದ್ದಂತೆ ಗೊಂದಲದಿಂದ ಏನೇನೋ ಮಾತಾಡಿದರೆ, ಊಟ ಬೇಡವೆಂದರೆ ಗಾಯ ನೋಡಿ, ಡಾಕ್ಟರಿಗೆ ತಿಳಿಸಿ.

ಕಾಲಿನ ಗಾಯ ಬೇರೆ ಲೆಕ್ಕ. ಪಾದದ ನಾಡಿ ಮುಟ್ಟಿ ನೋಡದೆ ಕ್ರೇಪ್ ಬ್ಯಾಂಡೇಜ್ ಬಿಗಿಯಬೇಡಿ. ರಕ್ತ ಸಾಲದ ಕಾಲಿಗೆ ಅದು ಅಪಾಯ.

ಈ ಸುಲಿದ ಗಾಯ ಸಾಮಾನ್ಯವಾಗಿ 2-3 ವಾರದಲ್ಲಿ ಮುಚ್ಚುತ್ತದೆ. ನಾಲ್ಕು ವಾರಕ್ಕೂ ಅರ್ಧದಷ್ಟು ಇಳಿದಿಲ್ಲವೆಂದರೆ ವಯಸ್ಸನ್ನು ದೂರಬೇಡಿ. ಸಕ್ಕರೆ, ಹಿಮೋಗ್ಲೋಬಿನ್, ಕಾಲಿನ ಊತ, ಸ್ಟಿರಾಯಿಡ್ ಮಾತ್ರೆ ಹುಡುಕಿ. ಊಟವನ್ನೂ ಕೇಳಿ. ನಂಜಾಗುತ್ತದೆ ಎಂದು ಮೊಟ್ಟೆ, ಕಾಳು ನಿಲ್ಲಿಸಿ ಗಂಜಿ ಕೊಡುವ ಮನೆಗಳು ಬಹಳ. ಗಾಯ ಮಾಯಲು ಕೆ.ಜಿ. ತೂಕಕ್ಕೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಅಂದರೆ 50 ಕೆ.ಜಿ.ಯವರಿಗೆ 60 ಗ್ರಾಮಿಗೂ ಮೇಲೆ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರನ್ನು ಕೇಳಿಯೇ ಹೇಳಿ.

ಮತ್ತೆ ಸುಲಿಯದಿರಲು ಕೈಕಾಲಿಗೆ ದಿನಕ್ಕೆ ಎರಡು ಸಲ ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿಸಿ, ರೋಮ ಇರುವ ದಿಕ್ಕಿನಲ್ಲೇ ಸವರಬೇಕು. ಮಂಚದಿಂದ ಎಬ್ಬಿಸುವಾಗ ಮುಂಗೈ ಹಿಡಿದು ಎಳೆಯದೆ, ಬೆನ್ನ ಹಿಂದೆ ಕೈಯಿಟ್ಟು ಎಬ್ಬಿಸಲು ಮನೆಯವರಿಗೆ ತೋರಿಸಿಕೊಡಿ.