40 ಚೀಲ, ಒಂದು ಬಲ್ಬು

2024 ನವೆಂಬರ್ 17, ಭಾನುವಾರ, ರಾತ್ರಿ

ಸೊಂಟ ಬಿದ್ದುಹೋಗಿದೆ. ಬೆಳಿಗ್ಗೆ ಆರಕ್ಕೆ ಚರ್ಚಿನ ಹಾಲ್‌ಗೆ ಹೋದವನು ಮನೆ ಸೇರಿದ್ದು ಈಗಷ್ಟೇ. ಮಲಗಬೇಕು. ಆದರೆ ಇವತ್ತಿನದನ್ನು ಇವತ್ತೇ ಬರೆದಿಡದಿದ್ದರೆ ನಾಳೆ ನಾನೇ ಅದಕ್ಕೆ ಬಣ್ಣ ಬಳಿದು ಚೆಂದ ಮಾಡಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತಿದೆ.

ಇವತ್ತು ವಿಶ್ವ ಬಡವರ ದಿನ. ಪೋಪ್ ಫ್ರಾನ್ಸಿಸ್ 2016ರಲ್ಲಿ ಘೋಷಿಸಿದರು, 2017ರಿಂದ ಪ್ರತಿ ನವೆಂಬರಿನ ಒಂದು ಭಾನುವಾರ ಆಚರಿಸುತ್ತಾರೆ. ಇದು ಎಂಟನೆಯದು. ನಮ್ಮ ಚರ್ಚಿನಲ್ಲಿ ಈ ದಿನಕ್ಕೆ 40 ಚೀಲ ದಿನಸಿ ಅಂತ ಲೆಕ್ಕ. ಯಾರಿಗೆ ಕೊಡಬೇಕು ಅನ್ನುವ ಪಟ್ಟಿ ಬರೆಯುವವನು ನಾನು. ನಾಲ್ಕು ವರ್ಷದಿಂದ ನಾನೇ. ಸ್ವಲ್ಪ ಜಂಬವೂ ಇತ್ತು ಅನ್ನಿ. ಸುಮಾರು 251ರಲ್ಲಿ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಒಂದು ಪತ್ರವಿದೆ. ಅಲ್ಲಿನ ಕ್ರೈಸ್ತ ಸಭೆ 1500ಕ್ಕಿಂತ ಜಾಸ್ತಿ ವಿಧವೆಯರನ್ನೂ ಕಷ್ಟದಲ್ಲಿದ್ದವರನ್ನೂ ಸಾಕುತ್ತಿತ್ತು ಅಂತ ಅದರಲ್ಲಿ ಹೇಳುತ್ತಾರೆ. ಅಷ್ಟು ಜನರ ಪಟ್ಟಿಯನ್ನೂ ಯಾರೋ ಒಬ್ಬ ಬರೆದಿಟ್ಟಿರಬೇಕಲ್ಲ, ಅವನ ಕಸುಬೇ ನನ್ನದು ಅಂತ ಒಳಗೊಳಗೇ ಖುಷಿಪಡುತ್ತಿದ್ದೆ.

ಬೆಳಿಗ್ಗೆ ಮೊದಲ ಕೆಲಸ, ಜನ ಕೊಟ್ಟಿದ್ದನ್ನು ವಿಂಗಡಿಸುವುದು. ಇದೊಂದು ನರಕ. ಅವಧಿ ಮುಗಿದ ಪೊಟ್ಟಣಗಳು, ಒಂಟಿ ಚಪ್ಪಲಿ, ಜಿಪ್ ಕಿತ್ತ ಬ್ಯಾಗು, ಅರ್ಧ ಖಾಲಿಯಾದ ಶಾಂಪೂ ಬಾಟಲಿ. ಬಡವರಿಗೆ ಕೊಡುವುದು ಅಂದರೆ ಎಷ್ಟೋ ಜನಕ್ಕೆ ಕಪಾಟು ಖಾಲಿ ಮಾಡುವುದು ಅಂತಲೇ ಅರ್ಥ. ನಿಜವಾಗಿ ಬೇಕಾದದ್ದನ್ನು ಯಾರೂ ತರುವುದಿಲ್ಲ. ಹೆಂಗಸರಿಗೆ ಪ್ಯಾಡ್, ಹಾಸಿಗೆ ಹಿಡಿದ ಹಿರಿಯರಿಗೆ ಡೈಪರ್, ಮಕ್ಕಳಿಗೆ ಹೊಸ ಒಳಉಡುಪು, ಇವು ಪುಣ್ಯದ ಪಟ್ಟಿಯಲ್ಲಿ ಬರುವುದಿಲ್ಲವೋ ಏನೋ. ಇನ್ನೊಂದು ವಿಷಯ ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ಒಲೆ ಇಲ್ಲದವರಿಗೆ ಬೇಯಿಸಿ ತಿನ್ನುವ ಸಾಮಾನು ಕೊಟ್ಟರೆ ಅವರು ಅದನ್ನು ಏನು ಮಾಡಬೇಕು? ಹಾಗಾಗಿ ಈಗ ಚೀಲದ ಮೇಲೆ ಒಂದು ಗುರುತು ಹಾಕುತ್ತೇವೆ, ಒಲೆ ಇದೆ, ಒಲೆ ಇಲ್ಲ.

ಪೂಜೆ ಮುಗಿದ ಮೇಲೆ ಒಂದು ಸಣ್ಣ ಜಗಳ. ಹೊಸದಾಗಿ ಸೇರಿದ ಒಬ್ಬರು ಪ್ರತಿ ಚೀಲದೊಳಗೆ ಒಂದು ಪ್ರಾರ್ಥನೆಯ ಚೀಟಿ ಹಾಕೋಣ ಅಂದರು. ನಾನು ಬೇಡ ಅಂದೆ. ಹಸಿದವರ ಕೈಯಲ್ಲಿ ಚೀಟಿ ಇಟ್ಟರೆ ಅದು ಬಿಲ್ಲಿನ ಥರ ಕಾಣುತ್ತದೆ. ಅವರಿಗೆ ಬೇಜಾರಾಯಿತು, ನಂಬಿಕೆ ಮುಚ್ಚಿಡಬೇಕಾ ಅಂತ ಕೇಳಿದರು. ಮುಚ್ಚಿಡುವ ಮಾತಲ್ಲ ಇದು. 361ರಿಂದ 363ರವರೆಗೆ ಆಳಿದ ರೋಮಿನ ಚಕ್ರವರ್ತಿ ಜೂಲಿಯನ್‌ಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ. ಆತನೇ ತನ್ನ ಪೂಜಾರಿಯೊಬ್ಬನಿಗೆ ಪತ್ರ ಬರೆದು ಗೊಣಗುತ್ತಾನೆ, ಈ ಗಲಿಲಾಯದವರು (ಕ್ರೈಸ್ತರನ್ನು ಆತ ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರನ್ನಷ್ಟೇ ಅಲ್ಲ ನಮ್ಮ ಬಡವರನ್ನೂ ನೋಡಿಕೊಳ್ಳುತ್ತಾರೆ, ನಮಗೆ ನಾಚಿಕೆಗೇಡು ಅಂತ. ಆಗದವನ ಬಾಯಲ್ಲೇ ಇಂಥ ಮಾತು ಬಂದಮೇಲೆ ಚೀಟಿ ಯಾಕೆ? ಇದನ್ನು ಹೇಳಿದೆ. ಅವರು ಒಪ್ಪಿದರೋ ಇಲ್ಲವೋ, ಚೀಟಿಗಳನ್ನಂತೂ ಜೇಬಿಗೆ ಹಾಕಿಕೊಂಡರು. ಫೋಟೊ ವಿಷಯದಲ್ಲಿ ನಾನು ಸೋತೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಮತ್ತಾಯನ ಸುವಾರ್ತೆಯಲ್ಲಿ ಓದುತ್ತೇವೆ, ಆಮೇಲೆ ಎರಡೂ ಕೈಯಲ್ಲಿ ಚೀಲ ಹಿಡಿದು ಕ್ಯಾಮೆರಾ ನೋಡುತ್ತೇವೆ.

ಹನ್ನೊಂದರ ಹೊತ್ತಿಗೆ ಸಾಲು ಮುಗಿಯಿತು. 6 ಚೀಲ ಉಳಿದವು. ಬರಬೇಕಾದವರು ಬಂದಿಲ್ಲ.

ಬೇರೆ ವರ್ಷವಾದರೆ ಉಳಿದದ್ದನ್ನು ಗೇಟಿನ ಹತ್ತಿರ ಇದ್ದವರಿಗೆ ಕೊಟ್ಟು ಮುಗಿಸುತ್ತಿದ್ದೆವು. ಈ ಸಲ ಫಾದರ್, ಮನೆಗೇ ಹೋಗಿ ಬನ್ನಿ, ಇಬ್ಬಿಬ್ಬರಾಗಿ ಹೋಗಿ ಅಂದರು. ಇಬ್ಬರಾಗಿ ಮನೆ ಭೇಟಿ ಮಾಡುವುದು ಬಡವರಿಗೆ ನೆರವಾಗುವ ಕಥೋಲಿಕ ಸಂಘವಾದ ವಿನ್ಸೆಂಟ್ ದೆ ಪೌಲ್ ಸಭೆಯವರ ಪದ್ಧತಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಓಜನಾಮ್ ಅನ್ನುವ 20 ವರ್ಷದ ಕಾನೂನು ವಿದ್ಯಾರ್ಥಿ ಗೆಳೆಯರ ಜೊತೆ ಶುರು ಮಾಡಿದ್ದು ಅದು. ನಿಮ್ಮ ಧರ್ಮ ಹಿಂದೆ ಏನೋ ಮಾಡಿರಬಹುದು, ಈಗ ಏನು ಮಾಡುತ್ತಿದೆ ತೋರಿಸು ಅಂತ ಯಾರೋ ಕೆಣಕಿದ್ದರಂತೆ. ಯಾವ ಮನೆಗೆ ಹೋಗಬೇಕು, ಹೋಗಿ ಹೇಗೆ ಮಾತಾಡಬೇಕು ಅಂತ ಆ ಹುಡುಗರಿಗೆ ಕಲಿಸಿದವರು ರೊಸಾಲಿ ರಾಂದ್ಯು ಅನ್ನುವ ಸಿಸ್ಟರ್. ನಮಗೆ ಹಾಗೆ ಕಲಿಸುವವರು ಯಾರೂ ಇರಲಿಲ್ಲ. ಸುಮ್ನೆ ಹೊರಟೆವು.

ಐದು ಮನೆ ಬೇಗ ಆಯಿತು. ಒಬ್ಬರು ಊರು ಬಿಟ್ಟಿದ್ದರು, ಒಬ್ಬರಿಗೆ ಕೆಲಸ ಸಿಕ್ಕಿತ್ತು, ಚೀಲ ಬೇಡ ಬೇರೆಯವರಿಗೆ ಕೊಡಿ ಅಂದರು. ಉಳಿದವರಿಗೆ ಕೊಟ್ಟೆವು. ಕೊನೆಯ ಮನೆಯ ಹತ್ತಿರ ಬಂದಾಗ ಪಕ್ಕದ ಹುಡುಗಿಯೊಬ್ಬಳು, ಮೇಲೆ ಒಬ್ಬರು ಅಜ್ಜಿ ಇದ್ದಾರೆ, ನಿಮ್ಮ ಚರ್ಚಿಗೇ ಬರುತ್ತಿದ್ದರು, ಅವರನ್ನೂ ನೋಡಿ ಅಂದಳು.

ಮೇಲೆ ಹೋದೆವು. ಬಾಗಿಲು ತೆರೆಯಲು ತುಂಬಾ ಹೊತ್ತಾಯಿತು. ಒಳಗೆ ಕತ್ತಲು. ಅಜ್ಜಿ ನನ್ನ ಮುಖ ನೋಡಿದರು, ಗುರುತು ಹಿಡಿದರು. "ಪಟ್ಟಿ ಬರೆಯುವವನು ನೀನೇ ಅಲ್ವಾ?"

ಹೌದು ಅಂದೆ. ಆಗ ನೆನಪಾಯಿತು. ಈ ಅಜ್ಜಿಯ ಹೆಸರು ನನ್ನ ಪಟ್ಟಿಯಲ್ಲಿ ಇತ್ತು. ಹೊಡೆದುಹಾಕಿದವನು ನಾನೇ. ಎರಡು ಸಲ ಚೀಲ ತೆಗೆದುಕೊಳ್ಳಲು ಬಾರದಿದ್ದರೆ ಹೆಸರು ತೆಗೆಯುವುದು ಅನ್ನುವುದು ನಮ್ಮ ನಿಯಮ. ಆ ನಿಯಮ ಮಾಡಿದವನೂ ನಾನೇ, ಸುಳ್ಳು ಹೆಸರು ಸೇರಬಾರದು ಅಂತ. ಅಜ್ಜಿ ಬಿದ್ದು ಕಾಲಿಗೆ ಪೆಟ್ಟಾಗಿ ಮೆಟ್ಟಿಲು ಇಳಿಯಲಾಗದೆ ಎಷ್ಟೋ ತಿಂಗಳಾಗಿದೆ. ಅಂದರೆ ನಮ್ಮ ನಿಯಮದ ಪ್ರಕಾರ, ಮೆಟ್ಟಿಲು ಇಳಿಯುವ ಶಕ್ತಿ ಇದ್ದವರು ಬಡವರು, ಇಲ್ಲದವರು ಸುಳ್ಳು ಹೆಸರು. ಪ್ರತಿ ಭಾನುವಾರ ಕಂಬದ ಪಕ್ಕ ಕೂರುತ್ತಿದ್ದವರು ಕಾಣುತ್ತಿಲ್ಲವಲ್ಲ ಅಂತ ನಾನೂ ಸೇರಿದಂತೆ ಒಬ್ಬರೂ ಕೇಳಿಲ್ಲ.

ಚೀಲ ಕೊಟ್ಟೆ. ಅಲ್ಲಿಡು ಅಂದರು, ಅದರ ಕಡೆ ನೋಡಲೂ ಇಲ್ಲ. ಆಮೇಲೆ ಕೇಳಿದರು, "ಬಲ್ಬ್ ಹಾಕಲು ಬರುತ್ತಾ ನಿನಗೆ?" ಬಲ್ಬು ಕೆಟ್ಟು ಮೂರು ವಾರವಾಗಿದೆಯಂತೆ. ಸ್ಟೂಲ್ ಹತ್ತಲು ಹೆದರಿಕೆ. ಸಂಜೆಯಾದರೆ ಮಂಚದ ಮೇಲೆ ಕೂತುಬಿಡುತ್ತಾರೆ, ಬೆಳಗಾಗುವವರೆಗೆ. ನಮ್ಮ ಹತ್ತಿರ ಚೀಲ ಇತ್ತು, ಕಂಬಳಿ ಇತ್ತು, ಬಲ್ಬು ಇರಲಿಲ್ಲ. ಅಂಗಡಿ ಮುಚ್ಚಿತ್ತು. ನಾಳೆ ತರುತ್ತೇನೆ ಅಂದೆ. ನಾಳೆ ಅನ್ನುವಾಗ ಅವರು ನಕ್ಕ ರೀತಿ ನನಗೆ ಇಷ್ಟವಾಗಲಿಲ್ಲ, ಆದರೆ ನಗುವ ಹಕ್ಕು ಅವರಿಗಿತ್ತು.

ಮನೆಗೆ ಬಂದು ಬೈಬಲಿನಲ್ಲಿ ಪ್ರೇಷಿತರ ಕಾರ್ಯಕಲಾಪಗಳು 6ನೇ ಅಧ್ಯಾಯ ತೆಗೆದೆ. ಜೆರುಸಲೇಮಿನ ಮೊದಲ ಸಭೆಯಲ್ಲಿ ದಿನವೂ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಸಿಗದೆ ಹೋಗುತ್ತಿತ್ತು, ಅವರ ಕಡೆಯವರು ಗೊಣಗಿದರು, ಆಮೇಲೆ ಏಳು ಜನರನ್ನು ಆರಿಸಿದರು. ಇಷ್ಟು ಎಲ್ಲರಿಗೂ ಗೊತ್ತು. ಇವತ್ತು ಹೆಸರುಗಳನ್ನು ನಿಧಾನವಾಗಿ ಓದಿದೆ. ಸ್ತೇಫನ, ಫಿಲಿಪ್ಪ, ಮತ್ತೆ ಐವರು. ಏಳೂ ಗ್ರೀಕ್ ಹೆಸರು! ಯೆಹೂದ್ಯರಲ್ಲೂ ಆಗ ಗ್ರೀಕ್ ಹೆಸರಿನವರು ಇದ್ದರು, ಹಾಗಾಗಿ ಇದೇ ಪೂರ್ತಿ ಸಾಕ್ಷಿ ಅಲ್ಲ. ಆದರೂ ನನಗೆ ಕಾಣುವುದು ಹೀಗೆ. ಯಾರ ಕಡೆಯವರಿಗೆ ಸಿಗದೆ ಹೋಗಿತ್ತೋ, ಹಂಚುವ ಕೆಲಸವನ್ನು ಅವರ ಕೈಗೇ ಕೊಟ್ಟರು. ತನಿಖೆ ಮಾಡಲಿಲ್ಲ, ನಮ್ಮ ನಿಯಮ ಸರಿಯಾಗಿಯೇ ಇದೆ ಅನ್ನಲಿಲ್ಲ. ನಮ್ಮ ಸಮಿತಿಯಲ್ಲಿ 9 ಜನ ಇದ್ದೇವೆ. ಇವರಲ್ಲಿ ಒಬ್ಬರೂ ಯಾವತ್ತೂ ಆ ಸಾಲಿನಲ್ಲಿ ನಿಂತವರಲ್ಲ.

ನವೆಂಬರ್ 19, ಮಂಗಳವಾರ

ನಿನ್ನೆ ಬಲ್ಬು ತೆಗೆದುಕೊಂಡು ಹೋದೆ. ಹಾಕಿದೆ, ಹತ್ತಲಿಲ್ಲ. ಹೋಲ್ಡರೇ ಸುಟ್ಟಿತ್ತು. ಇವತ್ತು ವೈರಿಂಗ್ ಗೊತ್ತಿರುವ ಗೆಳೆಯನನ್ನು ಕರೆದುಕೊಂಡು ಹೋಗಬೇಕು ಅಂತಿದ್ದೆ, ಅವನು ನಾಳೆ ಅಂದ. ಮತ್ತೆ ನಾಳೆ. ಅಜ್ಜಿಗೆ ಟಾರ್ಚ್ ಕೊಟ್ಟು ಬಂದಿದ್ದೇನೆ.

ಸಂಜೆ ಸಮಿತಿಯಲ್ಲಿ ಎರಡು ಮಾತು ಇಟ್ಟೆ. ಹೆಸರು ಹೊಡೆಯುವ ಮುಂಚೆ ಯಾರಾದರೂ ಮನೆಗೆ ಹೋಗಿ ನೋಡಿಬರಬೇಕು. ಇದಕ್ಕೆ ಎಲ್ಲರೂ ಹೂಂ ಅಂದರು. ಎರಡನೆಯದು, ಚೀಲ ತೆಗೆದುಕೊಳ್ಳುವವರಲ್ಲಿ ಇಬ್ಬರನ್ನು ಸಮಿತಿಗೆ ಸೇರಿಸಬೇಕು, ಪಟ್ಟಿ ಅವರೂ ಬರೆಯಬೇಕು. ಇದಕ್ಕೆ ಯಾರೂ ಏನೂ ಹೇಳಲಿಲ್ಲ. ಫ್ಯಾನ್ ಸದ್ದು ಕೇಳುತ್ತಿತ್ತು. ಕೊನೆಗೆ ಒಬ್ಬರು, ಲೆಕ್ಕದ ಪುಸ್ತಕವೂ ಅವರ ಕೈಗಾ ಅಂದರು. ಹೌದು ಅಂದೆ. ಮುಂದಿನ ವಾರ ಮಾತಾಡೋಣ ಅಂತ ಎದ್ದರು.

ಬರುವಾಗ ಅಜ್ಜಿಯ ಮನೆಗೆ ಹೋಗಿ ಕೇಳಿಯೇಬಿಟ್ಟೆ, ನೀವು ಸಮಿತಿಗೆ ಬರುತ್ತೀರಾ, ಮೀಟಿಂಗ್ ಬೇಕಾದರೆ ಇಲ್ಲೇ ಮಾಡೋಣ ಅಂತ. ಟಾರ್ಚನ್ನು ನೇರ ನನ್ನ ಮುಖಕ್ಕೆ ಹಿಡಿದರು.

"ಮೊದಲು ಬಲ್ಬ್ ಹಾಕು. ಆಮೇಲೆ ನೋಡೋಣ."